ಅವೆರಿಲ್‌ಳ ಎಡಗೈ

ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದಾಗ ಅವೆರಿಲ್ ರೇನ್‌ಗೆ ಅರವತ್ತನಾಲ್ಕು ವರ್ಷ. ಮಾತು ಮೂರು ವಾರದಲ್ಲಿ ಮರಳಿತು. ಕಾಲು ಏಪ್ರಿಲ್ ಹೊತ್ತಿಗೆ ಕೋಲಿನ ಆಸರೆಯಲ್ಲಿ ನಡೆಯುವಷ್ಟು ಸುಧಾರಿಸಿತು. ಎಡಗೈ ಮಾತ್ರ ಬರಲಿಲ್ಲ. ಬಸ್ಸಿನಲ್ಲಿ ಯಾರೋ ಮರೆತುಹೋದ ಕೈಚೀಲದ ಹಾಗೆ ಅದು ಅವಳ ಮಡಿಲಲ್ಲಿ ಬಿದ್ದುಕೊಂಡಿರುತ್ತಿತ್ತು.

ವಾರಕ್ಕೆ ಎರಡು ಸಲ ಫಿಲಿಪಾ ಎಂಬ ಚಿಕಿತ್ಸಕಿ ಮನೆಗೆ ಬರುತ್ತಿದ್ದಳು. ಹಿಸುಕುವುದಕ್ಕೆ ಹಸಿರು ಮುದ್ದೆಯೊಂದು, ತೂತುಗಳಿಗೆ ಸಿಕ್ಕಿಸುವುದಕ್ಕೆ ಬಣ್ಣದ ಗೂಟಗಳು, ಇವಿಷ್ಟು ಅವಳ ಚೀಲದಲ್ಲಿರುತ್ತಿದ್ದವು. ಅವೆರಿಲ್ ಮುದ್ದೆಯನ್ನು ಒಮ್ಮೆ ಮೂಸಿ ನೋಡಿ ಪಕ್ಕಕ್ಕಿಟ್ಟಳು. ಗೂಟಗಳನ್ನು ಮುಟ್ಟಲೂ ಇಲ್ಲ.

"ನಾನೇನು ಶಿಶುವಿಹಾರದ ಮಗೂನಾ?" ಅಂದಳು.

"ಹಾಗಾದ್ರೆ ನೀವೇ ಹೇಳಿ," ಅಂದಳು ಫಿಲಿಪಾ, ಬೇಸರ ತೋರಿಸದೆ. "ಎರಡೂ ಕೈ ಬೇಕಾಗೋ, ನಿಮಗೆ ಇಷ್ಟವಾದ ಕೆಲಸ ಯಾವುದು? ಹೆಣಿಗೆ? ಪಿಯಾನೋ?"

"ಹೆಣಿಗೆ ಕಂಡ್ರೆ ನಂಗಾಗಲ್ಲ." ಅವೆರಿಲ್ ಕಣ್ಣು ಮೇಲಕ್ಕೆತ್ತಿದಳು. "ಒಂದಿದೆ. ಅಟ್ಟದ ಮೇಲಿದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ಡೆಸ್ಮಂಡ್, "ಅಯ್ಯೋ, ಅದೊಂದು ಬೇಡ ಕಣೇ," ಅಂದ.

"ನೋಡಿ, ಯಾವುದು ಅಂತ ಅವನಿಗೆ ಗೊತ್ತು," ಅಂದಳು ಅವೆರಿಲ್.

ಡೆಸ್ಮಂಡ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವೆರಿಲ್ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಎಂಬತ್ತೈದರಲ್ಲಿ ಆ ಶಾಲೆಗೆ ಒಂಬತ್ತು ಕಂಪ್ಯೂಟರುಗಳು ಬಂದವು. ಗಣಿತದ ಮೇಷ್ಟ್ರೊಬ್ಬರು ತಂದ ಕ್ಯಾಸೆಟ್ಟಿನಲ್ಲಿ ಒಂದು ಆಟವಿತ್ತು. ಕಪ್ಪು ಪರದೆ, ಬಿಳಿ ಗೆರೆಗಳು. ಆಡುವವರ ಕೈಗೆ ಒಂದು ಪುಟ್ಟ ಆಕಾಶ ಹಡಗು ಮತ್ತು ಒಂದಿಷ್ಟು ಚಿಲ್ಲರೆ ಹಣ. ಒಂದು ಗ್ರಹದಲ್ಲಿ ದವಸ ಕೊಂಡು ಇನ್ನೊಂದರಲ್ಲಿ ಮಾರಬೇಕು, ದಾರಿಯಲ್ಲಿ ಕಳ್ಳರು ಅಡ್ಡ ಬಂದರೆ ಗುಂಡು ಹಾರಿಸಬೇಕು, ಇಲ್ಲವೇ ಓಡಬೇಕು. ಎಲ್ಲಿಗೆ ಹೋಗು, ಏನು ಮಾಡು ಎಂದು ಹೇಳುವವರು ಯಾರೂ ಇಲ್ಲ. ಮುಗಿಯುವ ಆಟವೂ ಅಲ್ಲ. ಶಾಲೆಯವರು ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿದಾಗ ಅವೆರಿಲ್ ಒಂದನ್ನು ಮನೆಗೇ ಹೊತ್ತು ತಂದಿದ್ದಳು. ಡೆಸ್ಮಂಡ್ ಅವಳ ಹೆಗಲ ಮೇಲಿಂದ ಎರಡು ಸಲ ಇಣುಕಿ, "ಗೆರೆ. ಬರೀ ಗೆರೆ," ಎಂದು ಟೀವಿಯಲ್ಲಿ ಫುಟ್‌ಬಾಲ್ ನೋಡಲು ಹೋಗಿದ್ದ.

ಈಗ ಅದನ್ನು ಅಟ್ಟದಿಂದ ಇಳಿಸಿದವನೂ ಅವನೇ. ಧೂಳು ಒರೆಸಿ, ಊಟದ ಮೇಜಿನ ಮೇಲಿಟ್ಟು, ಪ್ಲಗ್ ಹಾಕಿ ಗುಂಡಿ ಒತ್ತಿದ. ಕಂಪ್ಯೂಟರು ಕುಂಯ್ ಎಂದಿತು. ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ 'ಫಟ್' ಎಂಬ ಸದ್ದಾಗಿ ಹಿಂಬದಿಯಿಂದ ದಟ್ಟ ಹೊಗೆ ಎದ್ದಿತು. ಕೊಳೆತ ಮೀನನ್ನು ಸುಟ್ಟಂಥ ನಾತ ಮನೆ ತುಂಬಿತು. ಡೆಸ್ಮಂಡ್ ಪ್ಲಗ್ ಕಿತ್ತು, ಕಿಟಕಿ ತೆರೆಯಲು ಓಡಿ, ಅವೆರಿಲ್‌ಳ ಕೋಲಿಗೆ ಎಡವಿ ಸೋಫಾದ ಮೇಲೆ ಬೋರಲು ಬಿದ್ದ. ಹಿಂದಿನಿಂದ ಏನೋ ಸದ್ದು ಕೇಳಿ ಗಾಬರಿಯಿಂದ ತಿರುಗಿದರೆ ಅವೆರಿಲ್ ನಗುತ್ತಿದ್ದಳು. ಬಾಯಿಯ ಎಡ ಮೂಲೆ ಇನ್ನೂ ಸ್ವಲ್ಪ ಜೋಲುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ಫೆಬ್ರವರಿಯಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು.

ಆ ಶನಿವಾರವೇ ಡೆಸ್ಮಂಡ್ ಕಂಪ್ಯೂಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಊರಿನ ಹೆಡ್‌ಲ್ಯಾಂಡ್ ಬಡಾವಣೆಯ ಚರ್ಚ್ ಸಭಾಂಗಣಕ್ಕೆ ಒಯ್ದ. ಅಲ್ಲಿ ವಾರಕ್ಕೊಮ್ಮೆ ನಾಲ್ಕಾರು ಜನ ಕೂತು ಊರವರ ಕೆಟ್ಟ ಸಾಮಾನು ರಿಪೇರಿ ಮಾಡಿಕೊಡುತ್ತಿದ್ದರು. ಐವರ್ ಗಾಸ್ ಎಂಬ ಮುದುಕ ಒಂದು ಕಾಲದಲ್ಲಿ ಟೀವಿ ರಿಪೇರಿ ಮಾಡಿಕೊಂಡಿದ್ದವನು. ಕಂಬಳಿ ಬಿಚ್ಚುತ್ತಲೇ ಅವನ ಮುಖ ಅರಳಿತು.

"ಎಲ್ಲಿತ್ತು ಯಜಮಾನ್ರೇ ಈ ನಿಧಿ?"

"ಅಟ್ಟದ ಮೇಲೆ. ಹೊಗೆ ಬಂತು."

"ಬರದೆ ಏನು? ನಲವತ್ತು ವರ್ಷ ಆದ್ಮೇಲೆ ನನ್ನೊಳಗಿಂದಾನೂ ಬರತ್ತೆ." ಐವರ್ ಮುಚ್ಚಳ ಬಿಚ್ಚಿ, ಸುಟ್ಟು ಸಿಡಿದಿದ್ದ ಒಂದು ಪುಟ್ಟ ಭಾಗವನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದ. ಅರ್ಧ ಗಂಟೆಯಲ್ಲಿ ಹೊಸದನ್ನು ಬೆಸೆದ. ಆಮೇಲೆ ಎರಡು ಕ್ಯಾಸೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದರಲ್ಲಿ ಆಟ. ಇನ್ನೊಂದರ ಮೇಲೆ ಅವೆರಿಲ್‌ಳ ಕೈಬರಹದಲ್ಲಿ 'ನನ್ನ ಹಡಗು' ಎಂದಿತ್ತು. ಅವಳು ಎಂಟು ವರ್ಷ ಆಡಿ ಗಳಿಸಿದ ಹಡಗು, ಪದವಿ, ಸರಕು, ಎಲ್ಲವೂ ಅದರಲ್ಲಿದ್ದವು.

"ಈ ಎರಡನೇದನ್ನ ಇನ್ನೊಂದ್ಸಲ ತಂದ್ಕೊಡಿ, ಇನ್ನೊಂದು ಪ್ರತಿ ತೆಗೆದಿಡ್ತೀನಿ," ಅಂದ ಐವರ್. "ಇವತ್ತು ನನ್ನ ಹತ್ರ ಖಾಲಿ ಟೇಪಿಲ್ಲ."

"ಮುಂದಿನ ವಾರ ತರ್ತೀನಿ," ಅಂದ ಡೆಸ್ಮಂಡ್. ತರಲಿಲ್ಲ. ಮುಂದಿನ ವಾರಕ್ಕೆ ಆ ಮಾತು ಮರೆತೇ ಹೋಗಿತ್ತು.

ಟೇಪು ಕಿರುಗುಟ್ಟುತ್ತಾ ಐದು ನಿಮಿಷ ಓಡಿದ ಮೇಲೆ ಪರದೆಯಲ್ಲಿ ಹಡಗು ಕಂಡಿತು. ಅವೆರಿಲ್‌ಳ ಬೆನ್ನು ನೆಟ್ಟಗಾಯಿತು. "ಇದ್ದೀನಿ ನೋಡು," ಅಂದಳು. ಎಲ್ಲಕ್ಕಿಂತ ಮೇಲಿನ ಪದವಿಗೆ ಒಂದೇ ಮೆಟ್ಟಿಲು ಬಾಕಿ ಇತ್ತು. ಬಲಗೈಯನ್ನು ಕೀಬೋರ್ಡಿನ ಬಲಕ್ಕಿಟ್ಟಳು. ಎಡಗೈಯನ್ನು ಬಲಗೈಯಿಂದ ಎತ್ತಿ ಎಡಕ್ಕಿಟ್ಟಳು. ಅದು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಮೂರನೇ ಸಲ ಇಡಲಿಲ್ಲ. ಪರದೆಯ ಮೇಲೆ ಚುಕ್ಕಿಗಳು ಸುಮ್ಮನೆ ಇದ್ದವು.

ಡೆಸ್ಮಂಡ್ ಚಹಾ ಮಾಡುವ ನೆಪದಲ್ಲಿ ಒಳಕ್ಕೆ ಹೋಗಲು ಎದ್ದ.

"ಎಲ್ಲಿಗೆ ಹೊರಟೆ?" ಅಂದಳು ಅವೆರಿಲ್. "ಬಾ ಇಲ್ಲಿ. ನನ್ನ ಎಡಗಡೆ ಕೂತ್ಕೋ."

"ನಾನಾ?"

"ಇನ್ಯಾರಿದ್ದಾರೆ? ಈ ಮೂರು ಗುಂಡಿ ನಿಂದು. ಇದು ಮೂತಿ ಮೇಲಕ್ಕೆ, ಇದು ಕೆಳಕ್ಕೆ, ಇದು ಗುಂಡು. ವೇಗ, ಪಕ್ಕಕ್ಕೆ ಹೊರಳಿಸೋದು ನಂದು. ನಾನು ಹೇಳದೆ ಗುಂಡು ಹಾರಿಸಬೇಡ."

ಹೀಗೆ ಡೆಸ್ಮಂಡ್ ತನ್ನ ಹೆಂಡತಿಯ ಎಡಗೈಯಾದ.

ಕೆಲಸ ಅವನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಪ್ರತಿ ಗ್ರಹದ ಬಳಿಯೂ ಒಂದು ನಿಲ್ದಾಣ ತನ್ನ ಪಾಡಿಗೆ ತಾನು ಗಿರಗಿರನೆ ಸುತ್ತುತ್ತಿರುತ್ತದೆ. ಅದರ ಮುಖದಲ್ಲಿ ಟಪಾಲು ಡಬ್ಬಿಯ ಬಾಯಿಯಂಥ ಸೀಳು. ಹಡಗನ್ನು ನೇರ ಅದರ ಎದುರಿಗೆ ತಂದು, ಸೀಳು ಸುತ್ತುವ ಲಯಕ್ಕೇ ತಾನೂ ಹೊರಳುತ್ತಾ, ಮೆಲ್ಲಗೆ ಒಳಗೆ ನುಗ್ಗಿಸಬೇಕು. ಹೊರಳಿಸುವುದು ಅವೆರಿಲ್‌ಳ ಪಾಲು, ಮೂತಿ ನೇರ ಹಿಡಿಯುವುದು ಡೆಸ್ಮಂಡ್‌ನ ಪಾಲು. ಮೊದಲ ವಾರ ಅವರು ಹನ್ನೊಂದು ಸಲ ನಿಲ್ದಾಣದ ಗೋಡೆಗೆ ಅಪ್ಪಳಿಸಿ ಸತ್ತರು.

"ಕೆಳಗೆ, ಕೆಳಗೆ! ಕೆಳಗೆ ಅಂದ್ರೆ ನಿಂಗೆ ಯಾವ ಕಡೆ?"

"ನೀನು ಹೊರಳಿಸ್ತಾ ಇದ್ದೀಯಲ್ಲ, ಕೆಳಗಿದ್ದದ್ದು ಪಕ್ಕಕ್ಕೆ ಬಂತು!"

"ಮೂವತ್ತೊಂದು ವರ್ಷ ಕ್ರೇನ್ ಓಡಿಸಿದೋನು. ನಲವತ್ತು ಅಡಿ ಪೈಪನ್ನ ಲಾರಿ ಮೇಲೆ ಮಗು ಮಲಗಿಸಿದ ಹಾಗೆ ಇಡ್ತಿದ್ದೆ ಅಂತ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಒಂದು ಮೂತಿ ಹಿಡಿಯಕ್ಕಾಗಲ್ವಾ?"

"ಪೈಪು ಗಿರಗಿರ ತಿರುಗ್ತಾ ಇರಲಿಲ್ಲ ಕಣೇ."

ಫಿಲಿಪಾ ಬಂದಾಗ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಜಗಳವಾಡುತ್ತಿದ್ದರು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವೆರಿಲ್‌ಳ ಎಡಗೈಯನ್ನು ಎತ್ತಿ ಡೆಸ್ಮಂಡ್‌ನ ಕೈಯ ಮೇಲಿಟ್ಟಳು. "ಆಡುವಾಗೆಲ್ಲ ಇದು ಇಲ್ಲೇ ಇರಲಿ. ಅವರ ಬೆರಳು ಓಡಾಡೋದು ನಿಮ್ಮ ಕೈಗೆ ಗೊತ್ತಾಗ್ಲಿ," ಅಂದಳು. ಅಂದಿನಿಂದ ಆ ತಣ್ಣನೆಯ ಭಾರದ ಕೈ ಅವನ ಕೈಯ ಮೇಲೆ ಸವಾರಿ ಮಾಡತೊಡಗಿತು.

ಮೂರನೇ ವಾರ, ಬುಧವಾರ ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ, ಯಾರೂ ಏನೂ ಹೇಳದೆ, ಹಡಗು ಸೀಳಿನೊಳಗೆ ಸರಕ್ಕನೆ ಜಾರಿತು. ಆಮೇಲೆ ಅವೆರಿಲ್, "ಹ್ಞೂಂ, ಕಲೀತೀಯ," ಅಂದಳು. ಡೆಸ್ಮಂಡ್‌ಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷಗಳಲ್ಲಿ ಯಾವ ಮೇಲ್ವಿಚಾರಕನಿಂದಲೂ ಅಂಥ ಮಾತು ಬಂದಿರಲಿಲ್ಲ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಮಧ್ಯಾಹ್ನ ಊಟವಾದ ಮೇಲೆ ಅವೆರಿಲ್ ಎರಡು ಗಂಟೆ ಮಲಗುತ್ತಿದ್ದಳು. ಆ ಹೊತ್ತಿನಲ್ಲಿ ಡೆಸ್ಮಂಡ್ ಸದ್ದು ತಗ್ಗಿಸಿ ತನ್ನದೇ ಹಡಗಿನಲ್ಲಿ ಹೊರಡತೊಡಗಿದ. ಬೆನ್ನ ಹಿಂದೆ ಏನಿದೆ ಎಂದು ತಿಳಿಯದ ಆ ಕತ್ತಲು, ದೂರದ ಚುಕ್ಕಿಯೊಂದು ನಿಧಾನಕ್ಕೆ ಗೆರೆಯಾಗಿ, ಗೆರೆ ಹಡಗಾಗುವುದು, ಅದು ವ್ಯಾಪಾರಿಯೋ ಕಳ್ಳನೋ ಎಂದು ಕಾಯುವ ಕ್ಷಣ, ಇವೆಲ್ಲ ಅವನನ್ನು ಹಿಡಿದು ಕೂರಿಸಿದವು. ಗೆರೆಗಳು ಮಾತ್ರ ಇದ್ದುದರಿಂದಲೇ ಮಿಕ್ಕದ್ದನ್ನು ಅವನ ಮನಸ್ಸು ತುಂಬಿಕೊಳ್ಳುತ್ತಿತ್ತು. ಆ ಬಡಕಲು ಗೆರೆಗಳಿಗೆ ತುಕ್ಕು ಹಿಡಿದ ತಗಡು, ಎಣ್ಣೆಯ ವಾಸನೆ, ಒಳಗೆ ಕೂತ ಒಬ್ಬ ಮೊಂಡ ಚಾಲಕ, ಎಲ್ಲವೂ ಬಂದು ಕೂಡಿಕೊಂಡವು.

ಜುಲೈ ತಿಂಗಳ ಒಂದು ಮಧ್ಯಾಹ್ನ ಅವನಿಗೆ ಒಳ್ಳೆ ಲಾಭವಾಯಿತು. ಕಳೆದುಕೊಳ್ಳಬಾರದೆಂದು ತನ್ನ ಹಡಗನ್ನು ಟೇಪಿನಲ್ಲಿ ಉಳಿಸಿಟ್ಟ. ಅವೆರಿಲ್‌ಳದು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಉಳಿಸುವುದು ಅವನ ಲೆಕ್ಕಾಚಾರ. ಆದರೆ ಟೇಪನ್ನು ಮುಂದಕ್ಕೆ ಓಡಿಸುವುದು ಮರೆತಿತ್ತು. ಮತ್ತೆ ಮೊದಲಿನಿಂದ ಹಾಕಿ ನೋಡಿದಾಗ ಪರದೆಯ ಮೇಲೆ 'ಡೆಸ್' ಎಂಬ ಹೆಸರು ಬಂತು. ಎಲ್ಲಕ್ಕಿಂತ ಕೆಳಗಿನ ಪದವಿಯಲ್ಲಿದ್ದ ಡೆಸ್. ಟೇಪನ್ನು ನಾಲ್ಕು ಸಲ ಪೂರ್ತಿ ಓಡಿಸಿದ. ಅವೆರಿಲ್ ಎಲ್ಲೂ ಇರಲಿಲ್ಲ.

ಏನಾದರೂ ದಾರಿ ಇರಬಹುದೆಂದು ಅವನು ಕಂಪ್ಯೂಟರಿನ ಪೆಟ್ಟಿಗೆ ಕೆದಕಿದ. ತಳದಲ್ಲಿ ಶಾಲೆಯ ನೀಲಿ ನೋಟು ಪುಸ್ತಕವೊಂದು ಸಿಕ್ಕಿತು. ಹಡಗನ್ನು ಮರಳಿ ತರುವ ಉಪಾಯ ಬರೆದಿಟ್ಟಿದ್ದಾಳೇನೋ ಎಂದು ಆಸೆಯಿಂದ ತೆರೆದ. ಅದರಲ್ಲಿ ಗ್ರಹಗಳ ಬಗ್ಗೆ ಬರೆದಿದ್ದಳು. ಆಟದಲ್ಲಿ ಇದ್ದದ್ದಲ್ಲ, ಅವಳೇ ಕಲ್ಪಿಸಿಕೊಂಡದ್ದು. ಒಂದು ಗ್ರಹದಲ್ಲಿ ಮಳೆ ಬಂದಾಗ ಅಂಗಡಿಯವರು ಗಿರಾಕಿಗಳಿಗೆ ಬಿಸಿ ಸಾರು ಕೊಡುತ್ತಾರೆ. ಇನ್ನೊಂದರಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು, ಸರಕು ಇಳಿಸಿ ಬೇಗ ಹೊರಡಬೇಕು. ಆಮೇಲೆ ಈ ಸಾಲುಗಳು:

'ಝೆರಾಡಿ. ಸಣ್ಣ ಗ್ರಹ, ಬಡ ಗ್ರಹ, ಬೇಸಾಯ. ಜನ ಸಾಯಂಕಾಲ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾರೂ ಯಾರ ಮೇಲೂ ಕೂಗುವುದಿಲ್ಲ.'

'14 ಮೇ 1987. ಡೆಸ್ ಇವತ್ತೂ ತಟ್ಟೆ ಎಸೆದ. ಆರು ಗಂಟೆವರೆಗೆ ಶಾಲೆಯಲ್ಲೇ ಇದ್ದೆ. ಝೆರಾಡಿಗೆ ಹೋಗಿ ಬಂದೆ.'

'2 ಜೂನ್. ಝೆರಾಡಿ.'

'3 ಜೂನ್. ಝೆರಾಡಿ.'

ಎಂಬತ್ತೇಳರಲ್ಲಿ ಕಾರ್ಖಾನೆಯವರು ಕೆಲಸವಿಲ್ಲವೆಂದು ಅವನನ್ನು ಹನ್ನೊಂದು ತಿಂಗಳು ಮನೆಗೆ ಕಳಿಸಿದ್ದರು. ಆ ದಿನಗಳನ್ನು ಅವನು ನೆನೆಯುತ್ತಿದ್ದುದೇ ಕಡಿಮೆ. ಒಮ್ಮೆ ಸಿಟ್ಟಿನಲ್ಲಿ ತಟ್ಟೆ ಎಸೆದದ್ದು ನೆನಪಿತ್ತು. ಶಾಲೆಯಲ್ಲಿ ಕೆಲಸ ಜಾಸ್ತಿ ಎಂದು ಅವಳು ತಡವಾಗಿ ಬರುತ್ತಿದ್ದುದೂ ನೆನಪಿತ್ತು. ಅದನ್ನು ನಂಬಿದ್ದ.

ಅವೆರಿಲ್ ಎದ್ದು ಕೋಲೂರಿಕೊಂಡು ಬಂದಾಗ ಅವನು ಪುಸ್ತಕ ಹಿಡಿದುಕೊಂಡೇ ಕೂತಿದ್ದ. ಏನನ್ನೂ ಮುಚ್ಚಲಿಲ್ಲ.

"ನಿನ್ನ ಹಡಗು ಅಳಿಸಿಹಾಕ್ಬಿಟ್ಟೆ," ಅಂದ. "ನಂದನ್ನ ಅದರ ಮೇಲೆ ಉಳಿಸ್ಬಿಟ್ಟೆ. ಹುಡುಕಿದೆ. ಇಲ್ಲ."

ಅವಳು ಪರದೆ ನೋಡಿದಳು, ಅವನ ಕೈಯಲ್ಲಿದ್ದ ಪುಸ್ತಕ ನೋಡಿದಳು. ಮೇಲಂಗಿ ತೆಗೆದುಕೊಂಡು, ಒಂದೇ ತೋಳು ಹಾಕಿ, ಬಾಗಿಲು ತೆರೆದು ಹೊರಟುಬಿಟ್ಟಳು. ಕಾಯಿಲೆಯಾದ ಮೇಲೆ ಒಬ್ಬಳೇ ಹೊಸಿಲು ದಾಟಿರಲಿಲ್ಲ. ಡೆಸ್ಮಂಡ್ ಹತ್ತಿರ ಹೋಗುವ ಧೈರ್ಯವಿಲ್ಲದೆ, ಬಿಟ್ಟಿರುವ ಧೈರ್ಯವೂ ಇಲ್ಲದೆ, ಇಪ್ಪತ್ತು ಹೆಜ್ಜೆ ಹಿಂದೆ ನಡೆದ. ಅವಳು ಬೀದಿ ಕೊನೆಯವರೆಗೆ ಹೋಗಿ, ಕಡಲ ತಡೆಗೋಡೆಯ ಬಳಿಯ ಬೆಂಚಿನ ಮೇಲೆ ಕೂತಳು. ಅವನು ಗೋಡೆ ಹಿಡಿದು ನಿಂತ. ಆಚೆ ನಾಲ್ಕು ಸರಕು ಹಡಗುಗಳು ನದಿಬಾಯಿ ಹೊಗುವ ಸರದಿಗಾಗಿ ಲಂಗರು ಹಾಕಿ ಕಾಯುತ್ತಿದ್ದವು.

"ಕೂತ್ಕೋ," ಅಂದಳು ತಿರುಗದೆ. "ಕಳ್ಳನ ಹಾಗೆ ಹಿಂದೆ ನಿಂತ್ಕೋಬೇಡ."

ಅವನು ಕೂತ.

"ಎಲ್ಲಾ ಓದಿದ್ಯಾ?"

"ಓದಿದೆ. ನಾನು ಒಂದೇ ತಟ್ಟೆ ಅಂದ್ಕೊಂಡಿದ್ದೆ."

"ಆರು. ಅಮ್ಮ ಮದುವೆಗೆ ಕೊಟ್ಟ ಸೆಟ್ಟು. ಇದ್ದಿದ್ದೇ ಆರು."

"ಆಮೇಲೆ ನಿಲ್ಲಿಸಿದೆ."

"ತಟ್ಟೆ ಮುಗೀತಲ್ಲ."

ಒಂದು ಕಡಲಹಕ್ಕಿ ಗೋಡೆಯ ಮೇಲೆ ಇಳಿದು, ಇವರ ಕೈಯಲ್ಲಿ ತಿನ್ನುವುದೇನೂ ಇಲ್ಲವೆಂದು ಕಂಡು ಹಾರಿತು.

"ನಿಂಗೆ ಹೆದರ್ತಿದ್ದೆ ಅಂತಲ್ಲ," ಅಂದಳು ಅವೆರಿಲ್. "ನನ್ನ ಮೇಲೆ ಯಾವತ್ತೂ ಕೈ ಮಾಡಲಿಲ್ಲ ನೀನು. ಆದ್ರೆ ಮನೇಲಿ ಗಾಳಿ ಇರಲಿಲ್ಲ ಡೆಸ್. ಅಲ್ಲಿ ಗಾಳಿ ಇತ್ತು. ಯಾವ ಕಡೆ ಬೇಕಾದ್ರೂ ಹೋಗಬಹುದಿತ್ತು."

"ತಪ್ಪಾಯ್ತು. ಟೇಪಿಗಲ್ಲ ಹೇಳ್ತಿರೋದು. ಟೇಪಿಗೂ ಹೌದು. ಆದ್ರೆ ಟೇಪಿಗಲ್ಲ."

"ಗೊತ್ತಾಯ್ತು."

"ಮೂವತ್ತೆಂಟು ವರ್ಷ ಹೇಳಲಿಲ್ಲ ನೀನು."

"ನೀನೂ ಕೇಳಲಿಲ್ಲ."

ಹೊರಗಿನ ಹಡಗುಗಳಲ್ಲಿ ಒಂದು ಲಂಗರು ಎತ್ತಿ ನಿಧಾನಕ್ಕೆ ತಿರುಗಿತು.

"ಎಷ್ಟು ಜನರನ್ನ ಹೊಡೆದೆ?" ಅಂದಳು ಅವೆರಿಲ್ ಇದ್ದಕ್ಕಿದ್ದಂತೆ.

"ಯಾವಾಗ?"

"ನಿನ್ನ ಹಡಗಲ್ಲಿ. ಮಧ್ಯಾಹ್ನ. ನಂಗೇನು ಕಿವಿ ಕೇಳಲ್ವಾ? ಜೂನಿನಿಂದ ಕೇಳ್ತಿದ್ದೀನಿ."

"ಮೂರು." ಅವನು ಕೆಮ್ಮಿದ. "ಅದ್ರಲ್ಲೊಂದು ಪೊಲೀಸು."

ಅವಳ ಭುಜ ಅಲುಗಿತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ.

"ಅಷ್ಟೊಂದು ವರ್ಷದ್ದು," ಅಂದ ಅವನು. "ಎಲ್ಲಾ ಹೋಯ್ತು."

"ಎಲ್ಲಾ ಎಲ್ಲಿ ಹೋಯ್ತು? ಆ ಟೇಪಲ್ಲಿದ್ದಿದ್ದು ನಾನೊಬ್ಬಳೇ. ನನ್ನ ಹಡಗು, ಪದವಿ, ಅಷ್ಟೇ. ಗ್ರಹಗಳು ಅದ್ರಲ್ಲಿರಲ್ಲ ಕಣೋ. ಎರಡು ಸಾವಿರ ಗ್ರಹ ಅಷ್ಟು ಸಣ್ಣ ಡಬ್ಬೀಲಿ ಹಿಡಿಸತ್ತಾ? ಆಟ ಪ್ರತಿ ಸಲ ಒಂದೇ ಲೆಕ್ಕ ಹಾಕಿ ಅವನ್ನ ಹೊಸದಾಗಿ ಹುಟ್ಟಿಸತ್ತೆ. ಒಂದೇ ಲೆಕ್ಕ, ಅದಕ್ಕೆ ಅದೇ ಹೆಸರು, ಅದೇ ಜಾಗ. ಯಾವ ಊರಲ್ಲಿ ಯಾರು ಆಡಿದ್ರೂ ಝೆರಾಡಿ ಇದ್ದಲ್ಲೇ ಇರತ್ತೆ."

"ಈಗ್ಲೂ?"

"ಈಗ್ಲೂ."

ಡೆಸ್ಮಂಡ್ ಅದನ್ನು ಮನಸ್ಸಿನಲ್ಲಿ ಹೊರಳಿಸಿ ನೋಡಿದ. "ನಾನು ಬರಬಹುದಾ?" ಎಂದು ಕೇಳಿದ.

ಅವೆರಿಲ್ ಕೋಲನ್ನು ನೆಲಕ್ಕೆ ಕುಟ್ಟಿದಳು. "ನೀನಿಲ್ದೆ ಮೂತಿ ಹಿಡಿಯೋರ್ಯಾರು? ಏಳು. ಇನ್ನೊಂದು ತೋಳು ಹಾಕ್ಕೊಡು, ಚಳಿಯಾಗ್ತಿದೆ."

ಮೊದಲಿನಿಂದ ಶುರುಮಾಡಿದರು. ಮತ್ತೆ ಅದೇ ಚಿಲ್ಲರೆ ಹಣ, ಊದಿದರೆ ಹಾರಿಹೋಗುವಂಥ ಬಂದೂಕು. ಆಟ ಹೊಸ ಹಡಗಿಗೆ ಹೆಸರು ಕೇಳಿದಾಗ ಅವೆರಿಲ್ ಒಂಟಿ ಬೆರಳಿನಲ್ಲಿ 'ಆರು ತಟ್ಟೆ' ಎಂದು ಒತ್ತಿದಳು. ಈ ಸಲ ಡೆಸ್ಮಂಡ್ ತಾನೇ ಖಾಲಿ ಟೇಪು ಕೊಂಡು ತಂದು, ಪ್ರತಿ ಶನಿವಾರ ಐವರ್ ಗಾಸ್‌ನ ಬಳಿ ಪ್ರತಿ ತೆಗೆಸುತ್ತಿದ್ದ. ಐವರ್ ಬೇಡವೆಂದರೂ ಬಿಡುತ್ತಿರಲಿಲ್ಲ.

ಝೆರಾಡಿ ಬಹಳ ದೂರವಿತ್ತು. ಬಡ ಹಡಗಿನಲ್ಲಿ ಅಷ್ಟು ದೂರ ಹೋಗಲು ದಾರಿಯುದ್ದಕ್ಕೂ ವ್ಯಾಪಾರ ಮಾಡುತ್ತಾ ಸಾಗಬೇಕಿತ್ತು. ಆಗಸ್ಟಿನಲ್ಲಿ ಕಳ್ಳರ ಕೈಗೆ ಸಿಕ್ಕಿ ಎರಡು ಸಲ ಸತ್ತರು. ಸೆಪ್ಟೆಂಬರಿನಲ್ಲಿ ಅವೆರಿಲ್‌ಗೆ ಶೀತ ಹಿಡಿದು ಮೂರು ವಾರ ಆಡಲೇ ಇಲ್ಲ. ಆ ಮೂರು ವಾರ ಡೆಸ್ಮಂಡ್ ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ, ಅವನ ಕೈಯ ಮೇಲೆ ಕೂತಿದ್ದ ಅವಳ ಎಡಗೈ ತಾನಾಗಿ ಕೆಳಕ್ಕೆ ಜಾರಿತು. ಹೆಬ್ಬೆರಳು ಉದ್ದನೆಯ ಗುಂಡಿಯ ಮೇಲೆ ಬಿದ್ದು, ಒತ್ತಿತು. ಹಡಗಿನ ವೇಗ ಹೆಚ್ಚಿತು.

"ನೀನು ಒತ್ತಿದ್ಯಾ?" ಅಂದಳು ಅವೆರಿಲ್.

"ನಾನಲ್ಲ."

ಮತ್ತೆ ಒತ್ತಲು ನೋಡಿದಳು. ಐದು ಪ್ರಯತ್ನಗಳಲ್ಲಿ ಎರಡು ಸಲ ಆಯಿತು. ಫಿಲಿಪಾ ಅದನ್ನು ಕಡತದಲ್ಲಿ ಬರೆದುಕೊಂಡಳು. ಅದಕ್ಕಿಂತ ಹೆಚ್ಚು ಆ ಕೈ ಬರಲಿಲ್ಲ, ಬರುತ್ತದೆಂದು ಯಾರೂ ಭರವಸೆಯನ್ನೂ ಕೊಡಲಿಲ್ಲ. ಬಟ್ಟಲು ಹಿಡಿಯಲು, ಅಂಗಿಯ ಗುಂಡಿ ಹಾಕಿಕೊಳ್ಳಲು ಇಂದಿಗೂ ಡೆಸ್ಮಂಡ್ ಬೇಕು. ಆದರೆ ವೇಗ ಅವಳ ಹೆಬ್ಬೆರಳಿನದಾಯಿತು.

ನವೆಂಬರಿನ ಒಂದು ಭಾನುವಾರ, ಹುರಿದ ಮಾಂಸ, ಆಲೂಗಡ್ಡೆಯ ಊಟ ಮುಗಿಸಿ, ಪಾತ್ರೆಗಳನ್ನು ಹಾಗೇ ಬಿಟ್ಟು ಇಬ್ಬರೂ ಕೂತರು. ಝೆರಾಡಿಗೆ ಒಂದೇ ಜಿಗಿತ ಬಾಕಿ ಇತ್ತು. ನಕ್ಷತ್ರಗಳು ಉದ್ದುದ್ದ ಗೆರೆಗಳಾಗಿ ಓಡಿ ನಿಂತವು. ಎದುರಿಗೆ ಒಂದು ದುಂಡನೆಯ ಬಿಳಿ ಗೆರೆ.

"ಇದೇನಾ?" ಅಂದ ಡೆಸ್ಮಂಡ್.

"ಇದೇ."

ಕಳ್ಳರು ಯಾರೂ ಬರಲಿಲ್ಲ. ವೃತ್ತ ನಿಧಾನವಾಗಿ ದೊಡ್ಡದಾಗುತ್ತಾ ಬಂತು. ಡೆಸ್ಮಂಡ್ ಅದರೊಳಗೆ ಬಾಗಿಲುಗಳನ್ನು, ಬಾಗಿಲುಗಳ ಮುಂದೆ ಕುರ್ಚಿಗಳನ್ನು ಹುಡುಕಿದ. ಇದ್ದವು. ಹಡಗಿನ ಮೂತಿ ಸ್ವಲ್ಪ ವಾಲಿತು.

"ನೇರ ಹಿಡಿಯೋ," ಅಂದಳು ಅವೆರಿಲ್ ಮೆಲ್ಲಗೆ.

ನೇರ ಹಿಡಿದ. ನಿಲ್ದಾಣ ಕಂಡಿತು, ಸೀಳು ಕಂಡಿತು, ಅವಳು ಹೊರಳಿಸಿದಳು, ಒಳಗೆ ಹೋದರು. ಪರದೆಯ ಮೇಲೆ ಝೆರಾಡಿಯ ಸಂತೆಯ ದರಪಟ್ಟಿ ತೆರೆದುಕೊಂಡಿತು.

"ಧಾನ್ಯ ಅಗ್ಗ ಇದೆ," ಅಂದ ಡೆಸ್ಮಂಡ್ ಮೂಗು ಒರೆಸಿಕೊಂಡು. "ತುಂಬಿಸೋಣ?"

"ಧಾನ್ಯದಲ್ಲೇನು ಸಿಗತ್ತೆ ಮಣ್ಣು. ತುಪ್ಪಳ ತಗೋ."

"ತುಪ್ಪಳಕ್ಕೆ ಈ ಸುತ್ತಮುತ್ತ ಗಿರಾಕಿ ಎಲ್ಲಿದ್ದಾರೆ?"

"ನಾನು ಇಲ್ಲಿಗೆ ಎಷ್ಟು ಸಲ ಬಂದೋಳು? ನೀನು ಎಷ್ಟು ಸಲ?"

"ಸರಿ ಮೇಡಂ," ಅಂದ ಡೆಸ್ಮಂಡ್. "ಅರ್ಧ ಅರ್ಧ?"

ಅವೆರಿಲ್ ದರಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದಳು. "ಇವತ್ತು ಏನೂ ಕೊಳ್ಳೋದು ಬೇಡ," ಅಂದಳು. "ಸ್ವಲ್ಪ ಹೊತ್ತು ಇಲ್ಲೇ ಇರೋಣ. ನೀನು ಚಹಾಕ್ಕೆ ನೀರಿಡು."